ಗಾಡಿ ಎತ್ತರಿಸಿದರೆ ಏನೇನು ಬದಲಾಗುತ್ತೆ? ಲಿಫ್ಟ್ ಕಿಟ್, ದೊಡ್ಡ ಟೈರ್ ಮತ್ತು ಬಳ್ಳಾರಿಯ ರಸ್ತೆ

ಪಾರ್ವತಿನಗರದ ರಸ್ತೆಯಲ್ಲಿ ಓಡಾಡೋರಿಗೆ ಎತ್ತರಿಸಿದ ಥಾರ್, ದಪ್ಪ ಟೈರಿನ ಜಿಮ್ನಿ ಹೊಸ ನೋಟವೇನಲ್ಲ. ರೀಲ್ಸ್‌ಗಳಲ್ಲಿ ಈ ಗಾಡಿಗಳು ಗುಡ್ಡ ಹತ್ತುತ್ತವೆ, ಹಳ್ಳ ದಾಟುತ್ತವೆ. ಆದರೆ ಅವುಗಳ ಬಹುಪಾಲು ಆಯುಷ್ಯ ಕಳೆಯೋದು ಕೌಲ್ ಬಜಾರಿನ ಟ್ರಾಫಿಕ್‌ನಲ್ಲಿ, ಸಿರುಗುಪ್ಪ ಹೆದ್ದಾರಿಯಲ್ಲಿ, ಕುರುಗೋಡಿಗೆ ಹೋಗಿ ಬರುವ ಡಾಂಬರು ದಾರಿಯಲ್ಲಿ.

ಲಿಫ್ಟ್ ಕಿಟ್ ಹಾಕಿಸಿದ್ರೆ ಓಡಿಸೋದ್ರಲ್ಲಿ ಏನು ವ್ಯತ್ಯಾಸ ಆಗುತ್ತೆ ಅಂತ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತೆ. ಹಾಕಿಕೊಡೋರು "ಏನೂ ಆಗಲ್ಲ" ಅಂತಾರೆ. ಕಾನೂನು "ಮಾಡೋ ಹಾಗೇ ಇಲ್ಲ" ಅನ್ನುತ್ತೆ. ಮೊದಲನೆಯದು ತಪ್ಪು. ಎರಡನೆಯದು ಸರಿ, ಆದರೆ ಯಾಕೆ ಅಂತ ಹೇಳೋದಿಲ್ಲ. ಆ ಕಾರಣಗಳನ್ನು ಒಂದೊಂದಾಗಿ, ಲೆಕ್ಕದ ಸಮೇತ ಇಲ್ಲಿ ಇಟ್ಟಿದ್ದೇನೆ. ಗಾಡಿ ಇಲ್ಲದವರೂ ಓದಬೇಕಾದ ವಿಷಯ ಇದು. ಎತ್ತರಿಸಿದ ಗಾಡಿಯ ಲಾಭ ಒಳಗೆ ಕೂತವರಿಗೆ ಸಿಗುತ್ತೆ, ನಷ್ಟದ ದೊಡ್ಡ ಪಾಲು ಮಾತ್ರ ಹೊರಗಿರುವವರ ಮೇಲೆ ಬೀಳುತ್ತೆ.

ಎತ್ತರಿಸುವುದರಲ್ಲಿ ಮೂರು ವಿಧ

ಎಲ್ಲವನ್ನೂ ಸೇರಿಸಿ "ಲಿಫ್ಟ್" ಅಂತ ಕರೆದರೂ ಒಳಗೆ ಮೂರು ಬೇರೆ ಬೇರೆ ಕೆಲಸಗಳಿವೆ.

ಮೊದಲನೆಯದು ಸಸ್ಪೆನ್ಷನ್ ಲಿಫ್ಟ್. ಉದ್ದನೆಯ ಸ್ಪ್ರಿಂಗ್, ಉದ್ದನೆಯ ಶಾಕ್ ಅಬ್ಸಾರ್ಬರ್ ಹಾಕಿ ಛಾಸಿಯನ್ನು ಆಕ್ಸಲ್‌ನಿಂದ ಮೇಲಕ್ಕೆ ಎತ್ತುವುದು. ಇದರದ್ದೇ ಅಗ್ಗದ ರೂಪ ಸ್ಪೇಸರ್. ಹಳೇ ಸ್ಪ್ರಿಂಗ್‌ನ ಮೇಲೆ ಒಂದು ದಪ್ಪ ಬಿಲ್ಲೆ ಇಟ್ಟು ಎತ್ತರ ಮಾಡೋದು. ಸ್ಪೇಸರ್ ಹಾಕಿದರೆ ಗಾಡಿ ಎತ್ತರ ಕಾಣುತ್ತೆ. ಆದರೆ ಶಾಕ್‌ನ ಉದ್ದ ಹಳೆಯದೇ ಆದ್ದರಿಂದ ಚಕ್ರ ಕೆಳಗೆ ಇಳಿಯಬೇಕಾದಾಗ ಇಳಿಯಲು ಜಾಗ ಕಡಿಮೆಯಾಗುತ್ತೆ. ಗುಂಡಿಗೆ ಇಳಿದ ಚಕ್ರ ನೆಲ ಮುಟ್ಟದೆ ಗಾಳಿಯಲ್ಲಿ ತೇಲುತ್ತೆ. ಆಫ್-ರೋಡ್‌ಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ.

ಎರಡನೆಯದು ಬಾಡಿ ಲಿಫ್ಟ್. ಛಾಸಿ ಇದ್ದಲ್ಲೇ ಇರುತ್ತೆ. ಛಾಸಿಗೂ ಬಾಡಿಗೂ ನಡುವೆ ದಪ್ಪ ಬುಷ್ ಇಟ್ಟು ಬಾಡಿಯನ್ನು ಮಾತ್ರ ಎತ್ತುತ್ತಾರೆ. ದೊಡ್ಡ ಟೈರ್‌ಗೆ ಜಾಗ ಸಿಗುತ್ತೆ. ಗಾಡಿಯ ಹೊಟ್ಟೆಯ ಕೆಳಗಿನ ಜಾಗ ಒಂದು ಮಿಲಿಮೀಟರ್ ಕೂಡ ಹೆಚ್ಚೋದಿಲ್ಲ.

ಮೂರನೆಯದು ದೊಡ್ಡ ಟೈರ್. ಜಿಮ್ನಿಯ ಮುಂದೆ ಹಿಂದೆ ಎರಡೂ ಕಡೆ, 2020ರ ಥಾರ್‌ನ ಹಿಂದೆ, ಸಾಲಿಡ್ ಆಕ್ಸಲ್ ಇದೆ. ಇಂಥ ಗಾಡಿಯಲ್ಲಿ ಅತ್ಯಂತ ಕೆಳಗೆ ನೇತಾಡುವ ಭಾಗ ಆಕ್ಸಲ್ ನಡುವಿನ ಹೌಸಿಂಗ್. ಸ್ಪ್ರಿಂಗ್ ಎಷ್ಟು ಉದ್ದ ಮಾಡಿದರೂ ಆ ಹೌಸಿಂಗ್ ಮೇಲೇರುವುದಿಲ್ಲ, ಯಾಕಂದ್ರೆ ಅದು ಚಕ್ರದ ಜೊತೆಗೇ ಇದೆ. ಅದನ್ನು ಎತ್ತಬಲ್ಲದ್ದು ಟೈರ್ ಮಾತ್ರ. "3 ಇಂಚು ಲಿಫ್ಟ್ ಮಾಡಿಸಿದೀನಿ, ಆದ್ರೂ ಕಲ್ಲು ಹೌಸಿಂಗ್‌ಗೇ ತಗಲುತ್ತೆ" ಅನ್ನೋರ ಸಮಸ್ಯೆ ಇದೇ. ಸಸ್ಪೆನ್ಷನ್ ಲಿಫ್ಟ್‌ನಿಂದ ಸಿಗುವುದು ಛಾಸಿಯ ಕೆಳಗಿನ ಜಾಗ, ಮುಂದೆ ಹಿಂದೆ ದಿಣ್ಣೆಗೆ ತಾಗದಂತೆ ಹತ್ತಿ ಇಳಿಯುವ ಕೋನ.

ಟೈರ್ ಮೇಲೆ ಬರೆದ ಅಂಕಿ ಓದುವುದು

ಜಿಮ್ನಿಗೆ ಕಂಪನಿಯಿಂದ ಬರುವ ಟೈರ್ 195/80 ಆರ್15. ಇದರಲ್ಲಿ 195 ಟೈರಿನ ಅಗಲ, ಮಿ.ಮೀ.ನಲ್ಲಿ. 80 ಅಂದರೆ ಸೈಡ್‌ವಾಲ್‌ನ ಎತ್ತರ ಆ ಅಗಲದ ಶೇ. 80, ಅಂದರೆ 156 ಮಿ.ಮೀ. 15 ಅಂದರೆ ರಿಮ್‌ನ ವ್ಯಾಸ, ಇಂಚಿನಲ್ಲಿ. ಒಂದು ಇಂಚು 25.4 ಮಿ.ಮೀ. ಆದ್ದರಿಂದ ರಿಮ್ 381 ಮಿ.ಮೀ. ಮೇಲೆ ಕೆಳಗೆ ಎರಡು ಸೈಡ್‌ವಾಲ್ ಸೇರಿಸಿದರೆ ಒಟ್ಟು ವ್ಯಾಸ 693 ಮಿ.ಮೀ.

ಇದಕ್ಕೆ 235/75 ಆರ್15 ಹಾಕಿಸಿದರೆ ವ್ಯಾಸ 733.5 ಮಿ.ಮೀ. ಆಗುತ್ತೆ. ಹೆಚ್ಚಳ 40.5 ಮಿ.ಮೀ., ಶೇಕಡಾ ಲೆಕ್ಕದಲ್ಲಿ ಸುಮಾರು 5.8. ಆದರೆ ಆಕ್ಸಲ್ ಟೈರಿನ ನಡುವೆ ಇರೋದರಿಂದ ನೆಲದಿಂದ ಸಿಗುವ ಎತ್ತರ ಇದರ ಅರ್ಧ, ಸುಮಾರು 20 ಮಿ.ಮೀ. ಮಾತ್ರ. ಜಿಮ್ನಿಯ ಗ್ರೌಂಡ್ ಕ್ಲಿಯರೆನ್ಸ್ 210 ಮಿ.ಮೀ. ಇದ್ದದ್ದು 230 ಆಯ್ತು ಅಂತಿಟ್ಟುಕೊಳ್ಳಿ.

2020ರ ಥಾರ್‌ನದ್ದೂ ಇದೇ ಕಥೆ. ಅದರ 18 ಇಂಚಿನ ಮಾದರಿಗೆ ಬರುವ 255/65 ಆರ್18 ಟೈರಿನ ವ್ಯಾಸ ಸುಮಾರು 789 ಮಿ.ಮೀ. "33 ಇಂಚಿನ ಟೈರ್" ಅಂತ ಹೆಸರಾದ 285/70 ಆರ್17ರ ವ್ಯಾಸ ಸುಮಾರು 831. ಸಿಕ್ಕ ಎತ್ತರ 21 ಮಿ.ಮೀ. ಥಾರ್ ಮೂಲತಃ 226 ಮಿ.ಮೀ. ಎತ್ತರದಲ್ಲಿದೆ. ಹೊಸ 4 ಟೈರ್, 4 ರಿಮ್, ಸ್ಟೆಪ್ನಿ ಎಲ್ಲಕ್ಕೂ ಖರ್ಚು ಮಾಡಿ ಗಳಿಸಿದ್ದು ಒಂದು ಹೆಬ್ಬೆರಳಿನ ಅಗಲ.

ಮೀಟರ್ ಸುಳ್ಳು ಹೇಳುತ್ತೆ, ಗೇರ್ ಭಾರವಾಗುತ್ತೆ

ಸ್ಪೀಡೋಮೀಟರ್ ಲೆಕ್ಕ ಹಾಕುವುದು ಚಕ್ರದ ಸುತ್ತುಗಳನ್ನು. ಒಂದು ಸುತ್ತಿಗೆ ಇಷ್ಟು ದೂರ ಅಂತ ಅದಕ್ಕೆ ಮೊದಲೇ ಹೇಳಿಕೊಡಲಾಗಿದೆ. ಟೈರ್ ಶೇ. 5.8 ದೊಡ್ಡದಾದರೆ ಪ್ರತಿ ಸುತ್ತಿಗೂ ಗಾಡಿ ಶೇ. 5.8 ಹೆಚ್ಚು ದೂರ ಹೋಗುತ್ತೆ, ಮೀಟರ್‌ಗೆ ಅದು ಗೊತ್ತಿಲ್ಲ. ಮೊದಲು 80 ತೋರಿಸುವಾಗ ನಿಜಕ್ಕೂ 80 ಇದ್ದರೆ, ಈಗ ಅದೇ ಮುಳ್ಳಿನಲ್ಲಿ ಗಾಡಿ ಸುಮಾರು 85ರಲ್ಲಿ ಓಡುತ್ತಿರುತ್ತೆ. ಕಂಪನಿಗಳು ಸಾಮಾನ್ಯವಾಗಿ ಮೀಟರ್ ಸ್ವಲ್ಪ ಹೆಚ್ಚು ತೋರಿಸುವಂತೆ ಇಟ್ಟಿರುತ್ತವೆ, ಸುರಕ್ಷತೆಗಾಗಿ. ದೊಡ್ಡ ಟೈರ್ ಆ ಅಂತರವನ್ನು ನುಂಗಿಬಿಡುತ್ತೆ.

5 ಕಿ.ಮೀ. ಏನು ಮಹಾ ಅನ್ನಿಸಬಹುದು. ಆದರೆ ಓಡುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ವೇಗ ಶೇ. 5.8 ಹೆಚ್ಚಾದರೆ ಡಿಕ್ಕಿಯಲ್ಲಿ ಕರಗಬೇಕಾದ ಶಕ್ತಿ ಸುಮಾರು ಶೇ. 12 ಹೆಚ್ಚು. ಡ್ರೈವರ್‌ಗೆ ಮಾತ್ರ ತಾನು 80ರಲ್ಲೇ ಇದೀನಿ ಅನ್ನೋ ನೆಮ್ಮದಿ.

ಗೇರ್‌ನ ವಿಷಯವೂ ಹೀಗೇ. ಎಂಜಿನ್ ಕೊಡುವ ತಿರುಚುಬಲ ಟೈರಿನ ಅಂಚಿಗೆ ತಲುಪಿ ಗಾಡಿಯನ್ನು ತಳ್ಳಬೇಕು. ತ್ರಿಜ್ಯ ಹೆಚ್ಚಾದಷ್ಟೂ ಆ ತಳ್ಳುವ ಬಲ ಕಡಿಮೆ. ಈ ಉದಾಹರಣೆಯಲ್ಲಿ ಸುಮಾರು ಶೇ. 5.5 ನಷ್ಟ. ಜೊತೆಗೆ ದೊಡ್ಡ ಟೈರ್ ತೂಕವೂ ಹೆಚ್ಚು, ಆ ತೂಕ ಚಕ್ರದ ಅಂಚಿನಲ್ಲೇ ಇರೋದರಿಂದ ತಿರುಗಿಸೋಕೂ ನಿಲ್ಲಿಸೋಕೂ ಹೆಚ್ಚು ಶ್ರಮ. ಸಂಡೂರಿನ ಘಾಟಿ ಹತ್ತುವಾಗ ಒಂದು ಗೇರ್ ಕೆಳಗಿಳಿಸಬೇಕಾಗುತ್ತೆ, ಕ್ಲಚ್ ಬೇಗ ಸವೆಯುತ್ತೆ, ಡೀಸೆಲ್ ಹೆಚ್ಚು ಕುಡಿಯುತ್ತೆ. ಫೋರ್ ಲೋ ಗೇರ್‌ನಲ್ಲಿ ಕಲ್ಲುಗಳ ಮೇಲೆ ತೆವಳುವಾಗಲೂ ಗಾಡಿ ಮೊದಲಿಗಿಂತ ವೇಗವಾಗಿ ಹೋಗುತ್ತೆ. ಆಫ್-ರೋಡ್‌ಗಾಗಿ ಹಾಕಿಸಿದ ಟೈರ್ ಆಫ್-ರೋಡ್ ಹಿಡಿತವನ್ನೇ ಸ್ವಲ್ಪ ಕಿತ್ತುಕೊಳ್ಳುತ್ತೆ.

ಬ್ರೇಕ್‌ಗೂ ಅದೇ ಸನ್ನೆಕೋಲು, ಉಲ್ಟಾ ದಿಕ್ಕಿನಲ್ಲಿ. ಪೆಡಲ್ ಮೇಲೆ ಅಷ್ಟೇ ಬಲ ಹಾಕಿದರೆ ನೆಲದ ಮೇಲೆ ಸಿಗುವ ತಡೆ ಕಡಿಮೆ. ಪೆಡಲ್ ಗಟ್ಟಿಯಾಗಿ ಒತ್ತಿದರೆ ಎಬಿಎಸ್ ಕೆಲಸ ಮಾಡುವ ತನಕ ಹೋಗಬಹುದು, ನಿಜ. ಆದರೆ ಇಳಿಜಾರಿನಲ್ಲಿ ಪದೇ ಪದೇ ಬ್ರೇಕ್ ಹಿಡಿದರೆ ಡಿಸ್ಕ್ ಬೇಗ ಕಾಯುತ್ತೆ. ಒರಟು ಕಚ್ಚಿನ ಮಡ್ ಟೈರ್ ಆದರೆ ಒದ್ದೆ ಡಾಂಬರಿನ ಮೇಲೆ ನೆಲ ಮುಟ್ಟುವ ರಬ್ಬರೇ ಕಡಿಮೆ. ಮೊದಲ ಮಳೆಗೆ ನಿಲ್ಲುವ ದೂರ ಎಷ್ಟು ಬದಲಾಗಿದೆ ಅನ್ನೋದು ಮುಂದಿರೋ ಬೈಕ್ ತೀರಾ ಹತ್ತಿರ ಬಂದಾಗಲೇ ಅನೇಕರಿಗೆ ಗೊತ್ತಾಗೋದು.

ಉರುಳುವ ಲೆಕ್ಕ

ಎಲ್ಲಕ್ಕಿಂತ ಗಂಭೀರ ಬದಲಾವಣೆ ಗುರುತ್ವ ಕೇಂದ್ರದ್ದು. ಗಾಡಿಯೊಂದು ಅಡ್ಡ ಬೀಳುವುದಕ್ಕೆ ಎಷ್ಟು ಹತ್ತಿರದಲ್ಲಿದೆ ಅಂತ ಅಳೆಯಲು ಎಂಜಿನಿಯರ್‌ಗಳು ಒಂದು ಸರಳ ಅಂಕಿ ಬಳಸುತ್ತಾರೆ. ಎಡ ಬಲ ಚಕ್ರಗಳ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯ ಪ್ರಕಾರ ಹೆಚ್ಚಿನ ಕಾರುಗಳಲ್ಲಿ ಇದು 1.30ರಿಂದ 1.50, ಎತ್ತರದ ಎಸ್‌ಯುವಿ, ಪಿಕಪ್‌ಗಳಲ್ಲಿ 1.00ರಿಂದ 1.30. ಸಂಖ್ಯೆ ಕಡಿಮೆ ಆದಷ್ಟೂ ಉರುಳುವುದು ಸುಲಭ.

ಒಂದು ಕಾಲ್ಪನಿಕ ಜೀಪ್ ತಗೊಳ್ಳೋಣ. ಚಕ್ರಗಳ ನಡುವೆ 1,500 ಮಿ.ಮೀ., ಗುರುತ್ವ ಕೇಂದ್ರ ನೆಲದಿಂದ 650 ಮಿ.ಮೀ. ಅಂಕಿ 1.15. ಇದಕ್ಕೆ 50 ಮಿ.ಮೀ. ಸಸ್ಪೆನ್ಷನ್ ಲಿಫ್ಟ್, ಟೈರಿನಿಂದ 20 ಮಿ.ಮೀ. ಆಕ್ಸಲ್ ಮತ್ತು ಚಕ್ರದ ತೂಕ ಸ್ಪ್ರಿಂಗ್ ಜೊತೆ ಮೇಲೇರದ ಕಾರಣ ಗುರುತ್ವ ಕೇಂದ್ರ ಸುಮಾರು 60 ಮಿ.ಮೀ. ಏರಿತು ಅಂದುಕೊಳ್ಳಿ. ಹೊಸ ಅಂಕಿ 1.06. ಉರುಳದೆ ತಡೆದುಕೊಳ್ಳುವ ಶಕ್ತಿಯಲ್ಲಿ ಶೇ. 8ಕ್ಕೂ ಹೆಚ್ಚು ಹೋಯ್ತು. ಮೇಲೆ ರೂಫ್ ರ್‍ಯಾಕ್, ಅದರ ಮೇಲೆ ಜೆರ್ರಿ ಕ್ಯಾನ್, ಒಳಗೆ 4 ಜನ. ಅಂಕಿ ಇನ್ನೂ ಇಳಿಯುತ್ತೆ.

"ನಾನು ತಿರುವಿನಲ್ಲಿ ಜೋರಾಗಿ ಹೋಗಿ ನೋಡಿದೀನಿ, ಏನೂ ಆಗಿಲ್ಲ" ಅನ್ನೋರಿಗೂ ಒಂದು ಉತ್ತರ ಇದೆ. ಒಣ ಡಾಂಬರಿನ ಮೇಲೆ ಟೈರ್ ಸಾಮಾನ್ಯವಾಗಿ ಗಾಡಿ ಉರುಳುವ ಮೊದಲೇ ಜಾರುತ್ತೆ. ಆ ಜಾರಾಟವೇ ಕಾಪಾಡೋದು. ಅಪಾಯ ಇರುವುದು ಜಾರುತ್ತಿರುವ ಚಕ್ರಕ್ಕೆ ಏನಾದರೂ ಅಡ್ಡ ಸಿಕ್ಕಾಗ: ಡಿವೈಡರ್ ಅಂಚು, ಕಲ್ಲು, ಮೆತ್ತನೆ ಮಣ್ಣು. ಬೇರೆ ವಾಹನದ ಸಂಬಂಧವಿಲ್ಲದೆ ಗಾಡಿ ತಾನೇ ಉರುಳುವ ಪ್ರಕರಣಗಳಲ್ಲಿ ಬಹುತೇಕ ಎಲ್ಲವೂ ಹೀಗೆ ಎಡವಿ ಬಿದ್ದವೇ.

ಬಳ್ಳಾರಿಯವರು ಇಲ್ಲಿ ಕಿವಿಗೊಡಬೇಕು. ಸಿರುಗುಪ್ಪ, ಕುರುಗೋಡು ಕಡೆಯ ನೆಲ ಎರೆಮಣ್ಣಿನದು. ಒದ್ದೆಯಾದರೆ ಉಬ್ಬುತ್ತೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತೆ. ಅದರ ಮೇಲೆ ಹಾಕಿದ ರಸ್ತೆ ಅಲೆಅಲೆಯಾಗುವುದಕ್ಕೆ, ಅಂಚು ಕುಸಿಯುವುದಕ್ಕೆ ಒಂದು ಮುಖ್ಯ ಕಾರಣ ಇದೇ. ಎದುರಿನ ಲಾರಿಗೆ ದಾರಿ ಬಿಡಲು ಎಡ ಚಕ್ರ ಡಾಂಬರಿನಿಂದ ಇಳಿಸುತ್ತೀರಿ. ಮಳೆ ಬಂದ ಮಣ್ಣು ಚಕ್ರವನ್ನು ಹಿಡಿದುಕೊಳ್ಳುತ್ತೆ. ಗಾಬರಿಯಲ್ಲಿ ಸ್ಟೀರಿಂಗ್ ಬಲಕ್ಕೆ ಎಳೆದರೆ ಮೇಲೆ ಹೇಳಿದ "ಅಡ್ಡ" ಸಿಕ್ಕ ಹಾಗೇ. ಕಂಪನಿ ಎತ್ತರದ ಗಾಡಿ ಅಲ್ಲಿ ಬಚಾವಾಗಬಹುದು. ಎತ್ತರಿಸಿದ್ದಕ್ಕೆ ಆ ಉಳಿತಾಯ ಕಡಿಮೆ.

ಜಿಪ್ಸಿ, ಎಕ್ಸ್‌ಪ್ಲೋರರ್: ಹಳೆಯ ಎರಡು ಪಾಠ

ನಮ್ಮ ಆಫ್-ರೋಡ್ ಪ್ರಿಯರ ಅಚ್ಚುಮೆಚ್ಚು ಮಾರುತಿ ಜಿಪ್ಸಿ 1985ರಲ್ಲಿ ಬಂದದ್ದು. ಅದೇ ಕುಟುಂಬದ ಸುಜುಕಿ ಸಮುರಾಯ್ ಅಮೆರಿಕದಲ್ಲಿ ಮಾರಾಟವಾಗುತ್ತಿತ್ತು. 1988ರಲ್ಲಿ ಅಲ್ಲಿನ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ, ಇದು ತಿರುವಿನಲ್ಲಿ ಸುಲಭವಾಗಿ ಉರುಳುತ್ತೆ ಅಂತ ಹೇಳಿ ಗಾಡಿಯನ್ನು ಸ್ವೀಕಾರಾರ್ಹವಲ್ಲ ಎಂದು ಘೋಷಿಸಿತು. ಸುಜುಕಿ ಆ ಪರೀಕ್ಷೆಯನ್ನೇ ಪ್ರಶ್ನಿಸಿ ಕೋರ್ಟಿಗೆ ಹೋಯ್ತು, 2004ರಲ್ಲಿ ರಾಜಿಯಾಯ್ತು. ಯಾರು ಸರಿ ಅನ್ನೋ ಜಗಳ ಪಕ್ಕಕ್ಕಿಡಿ. ಭಾರತದಲ್ಲಿ ಮಾರುತಿ 1993ರಲ್ಲಿ ಜಿಪ್ಸಿಯ ಚಕ್ರಗಳ ನಡುವಿನ ಅಗಲವನ್ನು 90 ಮಿ.ಮೀ. ಹೆಚ್ಚಿಸಿದ ವೈಡ್-ಟ್ರ್ಯಾಕ್ ಮಾದರಿ ತಂದಿತು. ಮೇಲಿನ ಸೂತ್ರದಲ್ಲಿ ಅಗಲ ಹೆಚ್ಚಾದರೆ ಅಂಕಿ ಏರುತ್ತೆ. ಕಂಪನಿ ಹೋದ ದಿಕ್ಕು ಅದು. ಲಿಫ್ಟ್ ಕಿಟ್ ಹಾಕಿಸುವವರು ಹೋಗುತ್ತಿರುವುದು ಉಲ್ಟಾ ದಿಕ್ಕಿಗೆ.

ಎರಡನೇ ಪಾಠ ಫೋರ್ಡ್ ಎಕ್ಸ್‌ಪ್ಲೋರರ್. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರ್‌ಗಳನ್ನು ವಾಪಸ್ ಕರೆಸಿಕೊಂಡಿತು. ವೇಗದಲ್ಲಿ ಓಡುವಾಗ ಟೈರಿನ ಮೇಲ್ಪದರ ಕಿತ್ತುಬರುತ್ತಿತ್ತು, ಎಕ್ಸ್‌ಪ್ಲೋರರ್‌ಗಳು ಉರುಳುತ್ತಿದ್ದವು. ಅಮೆರಿಕದಲ್ಲಿ 270ಕ್ಕೂ ಹೆಚ್ಚು ಸಾವುಗಳನ್ನು ಇದಕ್ಕೆ ತಳುಕು ಹಾಕಲಾಯಿತು. ಫೋರ್ಡ್ ಆ ಟೈರಿಗೆ ಸೂಚಿಸಿದ್ದ ಗಾಳಿ 26 ಪಿಎಸ್‌ಐ ಮಾತ್ರ. ಎತ್ತರದ ಗಾಡಿ, ಕಡಿಮೆ ಗಾಳಿ, ಹೆದ್ದಾರಿಯ ಬಿಸಿ, ಕಳಪೆ ಟೈರ್ ಎಲ್ಲ ಒಟ್ಟಿಗೆ ಸೇರಿದಾಗ ಏನಾಗುತ್ತೆ ಅಂತ ಜಗತ್ತು ನೋಡಿದ್ದು ಆಗ. ಅದೇ ವರ್ಷ ಬಂದ ಹೊಸ ಕಾನೂನಿನಿಂದಲೇ ಅಲ್ಲಿ ಟೈರ್ ಗಾಳಿ ಎಚ್ಚರಿಕೆಯ ಸಾಧನ ಕಡ್ಡಾಯವಾಗುವ ದಾರಿ ತೆರೆದದ್ದು.

ಸ್ಟೀರಿಂಗ್ ಯಾಕೆ ಅಲೆದಾಡುತ್ತೆ?

ಸೈಕಲ್‌ನ ಮುಂದಿನ ಫೋರ್ಕ್ ನೋಡಿ, ನೆಟ್ಟಗೆ ಇರೋದಿಲ್ಲ, ಸ್ವಲ್ಪ ಹಿಂದಕ್ಕೆ ವಾಲಿರುತ್ತೆ. ಕೈ ಸಡಿಲ ಬಿಟ್ಟರೂ ಸೈಕಲ್ ನೇರ ಹೋಗೋದಕ್ಕೆ ಈ ವಾಲಿಕೆ ಸಹಾಯ ಮಾಡುತ್ತೆ. ಜೀಪಿನ ಮುಂದಿನ ಚಕ್ರಕ್ಕೂ ಇಂಥದ್ದೇ ಕೋನ ಇದೆ, ಕ್ಯಾಸ್ಟರ್ ಅಂತಾರೆ. ಜಿಮ್ನಿಯಂಥ ಗಾಡಿಯಲ್ಲಿ ಮುಂದಿನ ಆಕ್ಸಲ್ ಉದ್ದನೆಯ ತೋಳುಗಳ ತುದಿಯಲ್ಲಿ ಕೂತಿದೆ. ಛಾಸಿಯನ್ನು ಎತ್ತಿದರೆ ತೋಳು ಕೆಳಕ್ಕೆ ವಾಲಿ ಆಕ್ಸಲ್ ತಿರುಗುತ್ತೆ, ಕ್ಯಾಸ್ಟರ್ ಕಡಿಮೆಯಾಗುತ್ತೆ. ಪರಿಣಾಮ: 80ರ ಮೇಲೆ ಸ್ಟೀರಿಂಗ್ ಹಗುರ, ಗಾಡಿ ಆಚೆ ಈಚೆ ಅಲೆದಾಟ. ಆಕ್ಸಲ್ ಅನ್ನು ಅಡ್ಡ ಹಿಡಿದಿಡುವ ರಾಡ್‌ನ ಕೋನವೂ ಬದಲಾಗಿ ಆಕ್ಸಲ್ ಒಂದು ಬದಿಗೆ ಸರಿಯುತ್ತೆ. ಸ್ಟೀರಿಂಗ್ ರಾಡ್ ಓರೆಯಾದರೆ ಪ್ರತಿ ಹಂಪ್‌ಗೂ ಚಕ್ರ ತಾನೇ ತಾನಾಗಿ ಸ್ವಲ್ಪ ತಿರುಗುತ್ತೆ.

ಥಾರ್‌ನ ಮುಂದೆ ಸಾಲಿಡ್ ಆಕ್ಸಲ್ ಇಲ್ಲ, ಎರಡೂ ಚಕ್ರ ಸ್ವತಂತ್ರ. ಅಲ್ಲಿ ಎತ್ತರಿಸಿದರೆ ಚಕ್ರಕ್ಕೆ ಶಕ್ತಿ ಸಾಗಿಸುವ ಶಾಫ್ಟ್‌ನ ಕೀಲುಗಳು ಕಡಿದಾದ ಕೋನದಲ್ಲಿ ತಿರುಗಬೇಕಾಗುತ್ತೆ. ರಬ್ಬರ್ ಬೂಟ್ ಹರಿದು, ಧೂಳು ಒಳಹೊಕ್ಕು, ಕೀಲು ಸಾಯುತ್ತೆ. ಸಂಡೂರಿನ ಅದಿರಿನ ಕೆಂಪು ಧೂಳಿನಲ್ಲಿ ಇದಕ್ಕೆ ಹೆಚ್ಚು ಕಾಲ ಬೇಕಿಲ್ಲ. ಬ್ರೇಕ್ ಹೋಸ್ ಉದ್ದ ಸಾಲದೆ ಎಳೆದುಕೊಂಡಿದ್ದರೆ ಅದು ಇನ್ನೂ ದೊಡ್ಡ ಅಪಾಯ. ಚಕ್ರ ಹೊರಚಾಚಲು ಹಾಕುವ ವೀಲ್ ಸ್ಪೇಸರ್ ಚಕ್ರಗಳ ಅಗಲ ಹೆಚ್ಚಿಸಿ ಸ್ವಲ್ಪ ಸ್ಥಿರತೆ ಕೊಡುತ್ತೆ ನಿಜ. ಆದರೆ ಬೇರಿಂಗ್ ಮೇಲೆ ಭಾರ ಹೆಚ್ಚು, ಒಂದು ಚಕ್ರ ಮಣ್ಣಿಗೆ ಇಳಿದಾಗ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುವುದೂ ಹೆಚ್ಚು.

ಈಗಿನ ಗಾಡಿಗಳಲ್ಲಿ ಇಎಸ್‌ಪಿ ಇದೆ. ಗಾಡಿ ಹತೋಟಿ ತಪ್ಪುತ್ತಿದೆ ಅನ್ನಿಸಿದಾಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಸರಿಪಡಿಸುವ ವ್ಯವಸ್ಥೆ. ಅದನ್ನು ಹೊಂದಿಸಿರುವುದು ಕಂಪನಿಯ ಎತ್ತರ, ಕಂಪನಿಯ ಟೈರ್, ಕಂಪನಿಯ ತೂಕಕ್ಕೆ. ಕಿಟ್ ಹಾಕಿಸಿದ ಮೇಲೂ ಅದು ಕೆಲಸ ಮಾಡುತ್ತೆ, ಆದರೆ ಬೇರೆ ಗಾಡಿಯ ಲೆಕ್ಕ ಇಟ್ಟುಕೊಂಡು.

ಬಾನೆಟ್ ಮುಂದೆ ನಿಂತವರು

ಇಲ್ಲಿಯವರೆಗೆ ಒಳಗೆ ಕೂತವರ ವಿಷಯ. ಈಗ ಹೊರಗಿನವರದ್ದು.

ಡ್ರೈವರ್‌ನ ಕಣ್ಣು ನೆಲದಿಂದ 155 ಸೆಂ.ಮೀ., ಬಾನೆಟ್‌ನ ಮುಂದಿನ ಅಂಚು 110 ಸೆಂ.ಮೀ. ಎತ್ತರದಲ್ಲಿ, ಕಣ್ಣಿನಿಂದ 2 ಮೀಟರ್ ಮುಂದೆ ಇದೆ ಅಂದುಕೊಳ್ಳಿ. 90 ಸೆಂ.ಮೀ. ಎತ್ತರದ ಮಗು ಬಾನೆಟ್‌ನಿಂದ ಸುಮಾರು 89 ಸೆಂ.ಮೀ. ಒಳಗೆ ನಿಂತಿದ್ದರೆ ಡ್ರೈವರ್‌ಗೆ ಅದರ ತಲೆ ಕೂಡ ಕಾಣೋದಿಲ್ಲ. ಇದೇ ಗಾಡಿಯನ್ನು 7 ಸೆಂ.ಮೀ. ಎತ್ತರಿಸಿ. ಮಗು ಕಾಣದ ದೂರ 120 ಸೆಂ.ಮೀ. ಆಗುತ್ತೆ. 7 ಸೆಂ.ಮೀ. ಎತ್ತರಕ್ಕೆ 31 ಸೆಂ.ಮೀ. ಕುರುಡು ಜಾಗ ಹೆಚ್ಚಾಯ್ತು. ಎತ್ತರ ಕೂತರೆ ರಸ್ತೆ ಚೆನ್ನಾಗಿ ಕಾಣುತ್ತೆ ಅನ್ನೋದು ದೂರದ ರಸ್ತೆಗೆ ನಿಜ, ಹತ್ತಿರದ ರಸ್ತೆಗೆ ಸುಳ್ಳು.

ಡಿಕ್ಕಿಯಾದಾಗಲೂ ಎತ್ತರದ ಲೆಕ್ಕ ಬೇರೆ. ತಗ್ಗಿನ ಕಾರು ಕಾಲಿಗೆ ಹೊಡೆದು ಮನುಷ್ಯನನ್ನು ಬಾನೆಟ್ ಮೇಲೆ ಕೆಡವುತ್ತೆ. ಎತ್ತರದ, ನೆಟ್ಟಗಿನ ಮೂತಿ ಎದೆಗೆ, ತಲೆಗೆ ಹೊಡೆದು ಕೆಳಕ್ಕೆ ತಳ್ಳುತ್ತೆ. ಅಮೆರಿಕದ ವಿಮಾ ಸಂಸ್ಥೆಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾನೆಟ್ 40 ಇಂಚಿಗಿಂತ ಎತ್ತರ ಇರುವ ವಾಹನ ಡಿಕ್ಕಿ ಹೊಡೆದಾಗ ಪಾದಚಾರಿ ಸಾಯುವ ಸಾಧ್ಯತೆ, 30 ಇಂಚು ಅಥವಾ ಅದಕ್ಕೂ ತಗ್ಗಿನ ಇಳಿಜಾರು ಮೂತಿಯ ವಾಹನಕ್ಕಿಂತ ಸುಮಾರು ಶೇ. 45 ಹೆಚ್ಚು.

ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಇದರಲ್ಲಿ ಶೇ. 44.5 ದ್ವಿಚಕ್ರ ವಾಹನದವರು, ಶೇ. 19.5 ಪಾದಚಾರಿಗಳು. ಕೇಂದ್ರ ಸಾರಿಗೆ ಸಚಿವಾಲಯದ್ದೇ ಅಂಕಿ. ಅಂದರೆ ಸಾಯುವ ಮೂವರಲ್ಲಿ ಸುಮಾರು ಇಬ್ಬರ ಸುತ್ತ ಯಾವ ಲೋಹದ ಕವಚವೂ ಇರಲಿಲ್ಲ. ಮುಂಭಾಗ ಎತ್ತರಿಸಿ ಹೆಡ್‌ಲೈಟ್ ಮತ್ತೆ ಹೊಂದಿಸದಿದ್ದರೆ ಬೆಳಕು ನೇರ ಎದುರಿನ ಬೈಕ್ ಸವಾರನ ಕಣ್ಣಿಗೆ. ರಾತ್ರಿ ಸಿರುಗುಪ್ಪ ರಸ್ತೆಯಲ್ಲಿ ಟಿವಿಎಸ್ ಎಕ್ಸ್‌ಎಲ್ ಓಡಿಸೋರಿಗೆ ಇದನ್ನು ವಿವರಿಸಬೇಕಿಲ್ಲ.

ನಮ್ಮ ಜಿಲ್ಲೆಗೇ ಗೊತ್ತಿರುವ ಒಂದು ಉದಾಹರಣೆ ಇದೆ. ತೆರೆದ ಗಣಿಗಳಲ್ಲಿ ಓಡಾಡುವ ಸಣ್ಣ ಜೀಪುಗಳಿಗೆ ಉದ್ದ ಕೋಲಿನ ತುದಿಯಲ್ಲಿ ಬಾವುಟ ಕಟ್ಟಿರುತ್ತಾರೆ. ಎತ್ತರದ ಡಂಪರ್‌ನಲ್ಲಿ ಕೂತವನಿಗೆ ಹತ್ತಿರದ ಸಣ್ಣ ಗಾಡಿ ಕಾಣೋದಿಲ್ಲ ಅಂತ. ಎತ್ತರ ಕುರುಡು ಜಾಗ ಹುಟ್ಟಿಸುತ್ತೆ ಅನ್ನೋದನ್ನು ಗಣಿ ಒಪ್ಪಿಕೊಂಡಿದೆ. ಊರಿನ ರಸ್ತೆಯಲ್ಲಿ ಸ್ಕೂಲಿಗೆ ಹೋಗೋ ಮಗುವಿಗೆ ಕೋಲು ಬಾವುಟ ಕಟ್ಟೋಕಾಗುತ್ತಾ?

ಕಾನೂನು ಏನು ಹೇಳುತ್ತೆ?

ಮೋಟಾರು ವಾಹನ ಕಾಯ್ದೆಯ ಕಲಂ 52ರ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದಿಂದ ಹೋದ ಜಯಚಂದ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಖಡಾಖಂಡಿತವಾಗಿ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಕಲಂ 182ಎ(4) ಪ್ರಕಾರ, ಅನುಮತಿ ಇಲ್ಲದ ಬದಲಾವಣೆ ಮಾಡಿಸಿದ ಮಾಲೀಕರಿಗೆ 6 ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಬುಲ್ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳಿ ಅಂತ ಕೇಂದ್ರ ಸಚಿವಾಲಯ ರಾಜ್ಯಗಳಿಗೆ ಬರೆದದ್ದು 2017ರ ಡಿಸೆಂಬರ್‌ನಲ್ಲಿ, ಅದೇ ಕಲಂ 52ರ ಆಧಾರದಲ್ಲಿ.

ಟೈರ್ ವಿಷಯದಲ್ಲಿ ಕಂಪನಿಯೇ ಆ ಮಾದರಿಯ ಬೇರೆ ವೇರಿಯಂಟ್‌ಗೆ ಕೊಡುವ ಅಳತೆ ಹಾಕಿಸೋದು ಸುರಕ್ಷಿತ ದಾರಿ. ಭಾರ ಮತ್ತು ವೇಗದ ಸೂಚ್ಯಂಕ ಮೂಲ ಟೈರಿಗಿಂತ ಕಡಿಮೆ ಇರಬಾರದು. ಒಟ್ಟು ವ್ಯಾಸದ ವ್ಯತ್ಯಾಸ ಶೇ. 3 ದಾಟಬಾರದು ಅನ್ನೋದು ಟೈರ್ ವ್ಯಾಪಾರದಲ್ಲಿ ರೂಢಿಯಲ್ಲಿರುವ ಲೆಕ್ಕ. ಮೇಲಿನ ಎರಡೂ ಉದಾಹರಣೆ ಅದನ್ನು ದಾಟುತ್ತವೆ. ವಿಮಾ ಕಂಪನಿಗೆ ತಿಳಿಸದೆ ಮಾಡಿಸಿದ ಬದಲಾವಣೆ, ಅಪಘಾತದ ಮೇಲೆ ನಿಮ್ಮ ಗಾಡಿಯ ಹಾನಿಯ ಕ್ಲೇಮ್ ತಿರಸ್ಕರಿಸಲು ಅವರಿಗೆ ಒಂದು ಕಾರಣ ಕೊಡುತ್ತೆ.

ನಿಜಕ್ಕೂ ಕೆಸರಿಗೆ ಹೋಗುವವರಿಗೆ

ಎರೆಮಣ್ಣಿನ ಹೊಲದಾರಿಯಲ್ಲಿ, ಗದ್ದೆ ಬದುವಿನಲ್ಲಿ ನಿಜವಾಗಿ ಓಡಿಸಬೇಕಾದವರು ಇದ್ದಾರೆ. ಅವರಿಗೆ ಮೊದಲ ಉಪಾಯ ಖರ್ಚಿಲ್ಲದ್ದು: ಟೈರ್ ಗಾಳಿ ಇಳಿಸೋದು. 30ರ ಆಸುಪಾಸಿನಿಂದ 18–20 ಪಿಎಸ್‌ಐಗೆ ಇಳಿಸಿದರೆ ಟೈರ್ ನೆಲ ಮುಟ್ಟುವ ಭಾಗ ಉದ್ದವಾಗುತ್ತೆ, ಭಾರ ಹರಡುತ್ತೆ, ಹಿಡಿತ ಹೆಚ್ಚುತ್ತೆ. ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿಸಲೇಬೇಕು. ಎಕ್ಸ್‌ಪ್ಲೋರರ್ ಕಥೆ ನೆನಪಿರಲಿ. ಒಂದು ಗಾಳಿ ಮೀಟರ್, ಒಂದು ಸಣ್ಣ ಕಂಪ್ರೆಸರ್ ಸಾಕು, ಲಿಫ್ಟ್ ಕಿಟ್‌ನ ಬೆಲೆಯಲ್ಲಿ ಸಣ್ಣ ಭಾಗ ಅಷ್ಟೆ.

ಒದ್ದೆ ಎರೆಮಣ್ಣು ಟೈರಿನ ಕಚ್ಚುಗಳಲ್ಲಿ ತುಂಬಿಕೊಂಡರೆ ಎಂಥ ದುಬಾರಿ ಟೈರೂ ನುಣುಪಾದ ಉರುಳೆಯಂತಾಗುತ್ತೆ. ಸಿರುಗುಪ್ಪದ ಗದ್ದೆಗಳಲ್ಲಿ ಟ್ರ್ಯಾಕ್ಟರ್‌ಗೆ ಕಬ್ಬಿಣದ ಕೇಜ್ ವೀಲ್ ಹಾಕೋದು ಇದಕ್ಕೇ. ಅದೇ ಕೇಜ್ ವೀಲ್‌ನಲ್ಲಿ ಡಾಂಬರಿಗೆ ಬಂದರೆ ರಸ್ತೆ ಹಾಳಾಗುತ್ತೆ ಅಂತ ಪೊಲೀಸರು ದಂಡ ಹಾಕುತ್ತಾರೆ. ಹೊಲದ ಚಕ್ರ ಹೊಲದಲ್ಲಿರಲಿ, ರಸ್ತೆಯದ್ದು ರಸ್ತೆಯಲ್ಲಿರಲಿ ಅನ್ನೋ ತತ್ವ ರೈತನಿಗೆ ಅನ್ವಯಿಸಿದರೆ ಜೀಪಿನವರಿಗೂ ಅನ್ವಯಿಸಬೇಕು.

ಈಗಾಗಲೇ ಎತ್ತರಿಸಿದ ಗಾಡಿ ಓಡಿಸುತ್ತಿದ್ದರೆ ಇಷ್ಟಾದರೂ ನೋಡಿಕೊಳ್ಳಿ:

- ವೀಲ್ ಅಲೈನ್‌ಮೆಂಟ್‌ನಲ್ಲಿ ಕ್ಯಾಸ್ಟರ್ ಅಳತೆ ಕೇಳಿ ತಗೊಳ್ಳಿ, ಬರೀ ಟೋ ಸಾಲದು.
- ಸ್ಟೀರಿಂಗ್ ಪೂರ್ತಿ ತಿರುಗಿಸಿ, ಚಕ್ರ ಕೆಳಗಿಳಿದ ಸ್ಥಿತಿಯಲ್ಲಿ ಬ್ರೇಕ್ ಹೋಸ್ ಎಳೆಯುತ್ತಿದೆಯಾ ನೋಡಿ.
- ಹೆಡ್‌ಲೈಟ್ ಕೆಳಕ್ಕೆ ಹೊಂದಿಸಿ.
- ಜಿಪಿಎಸ್ ಇಟ್ಟು ಮೀಟರ್ ಎಷ್ಟು ತಪ್ಪು ತೋರಿಸುತ್ತಿದೆ ಅಂತ ಪರೀಕ್ಷಿಸಿ.
- ರೂಫ್ ರ್‍ಯಾಕ್ ಖಾಲಿ ಇಡಿ, ಭಾರ ಕೆಳಗಿರಲಿ.
- ಎಡ ಚಕ್ರ ಮಣ್ಣಿಗೆ ಇಳಿದರೆ ಆಕ್ಸಿಲರೇಟರ್ ಬಿಡಿ, ವೇಗ ಇಳಿದ ಮೇಲೆ ನಿಧಾನಕ್ಕೆ ಮೇಲೆ ಬನ್ನಿ. ಝಾಡಿಸಿ ಎಳೆಯಬೇಡಿ.

ಎತ್ತರದ ರಾಜಕೀಯ

ಎತ್ತರಿಸೋರೆಲ್ಲ ಶೋಕಿಗೇ ಮಾಡಿಸ್ತಾರೆ ಅಂತ ನಾನು ಹೇಳೋದಿಲ್ಲ. ಅದಿರು ಲಾರಿಗಳು ಜಜ್ಜಿ ಹಾಕಿದ ರಸ್ತೆಗಳನ್ನು ಈ ಜಿಲ್ಲೆ ವರ್ಷಗಟ್ಟಲೆ ಕಂಡಿದೆ. 2011ರ ಲೋಕಾಯುಕ್ತ ವರದಿ, ಸುಪ್ರೀಂ ಕೋರ್ಟಿನ ಗಣಿ ನಿಷೇಧ ಬರುವ ಹೊತ್ತಿಗೆ ಗುಂಡಿಯಿಲ್ಲದ ರಸ್ತೆ ಅನ್ನೋದು ಇಲ್ಲಿ ಒಂದು ಜೋಕ್ ಆಗಿತ್ತು. ರಸ್ತೆ ಸರಿಯಾಗಲ್ಲ ಅಂತ ಖಾತ್ರಿಯಾದಾಗ ದುಡ್ಡಿದ್ದವರು ಗಾಡಿ ಎತ್ತರಿಸಿಕೊಳ್ಳುತ್ತಾರೆ. ನೀರು ಬರಲ್ಲ ಅಂತ ಬೋರ್ ಕೊರೆಸಿದ ಹಾಗೆ, ಕರೆಂಟ್ ಹೋಗುತ್ತೆ ಅಂತ ಜನರೇಟರ್ ತಂದ ಹಾಗೆ. ಸಾರ್ವಜನಿಕ ಸಮಸ್ಯೆಗೆ ಖಾಸಗಿ ಪರಿಹಾರ. ಬೋರ್ ಕೊರೆಸಿದರೆ ಪಕ್ಕದವರ ಬಾವಿ ಬತ್ತುತ್ತೆ. ಗಾಡಿ ಎತ್ತರಿಸಿದರೆ ಪಕ್ಕದಲ್ಲಿ ನಡೆಯೋರ ಅಪಾಯ ಏರುತ್ತೆ.

ಜೊತೆಗೆ ಎತ್ತರ ಅಧಿಕಾರದ ಭಾಷೆಯೂ ಹೌದು. ಗಣಿ ದುಡ್ಡು ಹರಿದ ಊರಿನಲ್ಲಿ ದೊಡ್ಡ ಗಾಡಿ ಬಂದರೆ ದಾರಿ ಬಿಡಬೇಕು ಅನ್ನೋ ಪಾಠವನ್ನು ಬೀದಿ ಬೀದಿಯಲ್ಲಿ ಕಲಿಸಲಾಗಿದೆ. ಆ ಪಾಠ ಮರೆಸೋದು ದಂಡದ ಚೀಟಿಯಿಂದ ಮಾತ್ರ ಆಗೋ ಕೆಲಸವಲ್ಲ.

ಆದರೆ ಕಾನೂನು ಈಗಿರುವ ಹಾಗೂ ಸಾಲದು. ಕಿಟ್ ಬಹಿರಂಗವಾಗಿ ಮಾರಾಟವಾಗುತ್ತೆ, ಗ್ಯಾರೇಜು ಬೋರ್ಡ್ ಹಾಕಿ ಹಾಕಿಕೊಡುತ್ತೆ, ಹಾಕಿಸಿಕೊಂಡವರು ಯಾವತ್ತೋ ಒಂದು ದಿನ ಚೆಕ್‌ಪೋಸ್ಟ್‌ನಲ್ಲಿ ಸಿಕ್ಕಿಬೀಳುತ್ತಾರೆ, ಪ್ರಭಾವ ಇದ್ದವರು ದಾಟಿಹೋಗುತ್ತಾರೆ. ಆಸ್ಟ್ರೇಲಿಯಾದಲ್ಲಿ ಎತ್ತರಕ್ಕೆ ಒಂದು ಸಣ್ಣ ಮಿತಿ ಇದೆ. ಅದನ್ನು ದಾಟಿದರೆ ಅಧಿಕೃತ ಎಂಜಿನಿಯರ್ ಗಾಡಿ ನೋಡಿ ಸಹಿ ಹಾಕಬೇಕು, ಇನ್ನೂ ಎತ್ತರ ಬೇಕಿದ್ದರೆ ಗಾಡಿ ಲೇನ್ ಬದಲಿಸುವ ಪರೀಕ್ಷೆ ಪಾಸಾಗಬೇಕು. ಜರ್ಮನಿಯಲ್ಲಿ ಇಂಥ ಬದಲಾವಣೆ ತಪಾಸಣೆಯಾಗಿ ದಾಖಲೆಗೆ ಸೇರಬೇಕು. ಪೂರ್ತಿ ನಿಷೇಧಿಸಿ ಕಣ್ಣುಮುಚ್ಚಿ ಕೂರುವುದಕ್ಕಿಂತ, ಮಿತಿ ಹಾಕಿ ಪರೀಕ್ಷೆ ಮಾಡಿ ಹೊಣೆ ಹೊರಿಸುವುದು ಹೆಚ್ಚು ಜೀವ ಉಳಿಸುತ್ತೆ. ಆ ಹೊಣೆ ಮಾಲೀಕರ ಜೊತೆ ಮಾರಿದವರಿಗೂ ಹಾಕಿಕೊಟ್ಟವರಿಗೂ ಇರಬೇಕು.

ರಸ್ತೆ ಎಲ್ಲರದ್ದು ಅಂತ ಒಪ್ಪಿಕೊಂಡರೆ ಗಾಡಿಯ ಎತ್ತರವೂ ಎಲ್ಲರೂ ಸೇರಿ ತೀರ್ಮಾನಿಸಬೇಕಾದ ವಿಷಯ. ಸಿರುಗುಪ್ಪ ರಸ್ತೆಯ ಅಂಚು ಗಟ್ಟಿ ಮಾಡಿ, ಪಾರ್ವತಿನಗರಕ್ಕೆ ನಡೆಯಲು ಫುಟ್‌ಪಾತ್ ಕೊಡಿ ಅಂತ ಕೇಳೋದರಲ್ಲಿ ರೀಲ್ಸ್‌ಗೆ ಆಗುವಂಥದ್ದೇನೂ ಇಲ್ಲ. ಆದರೆ ಲಿಫ್ಟ್ ಕಿಟ್ ಕೊಡುತ್ತೇನೆ ಅಂತ ಹೇಳಿ ಕೊಡದೇ ಹೋಗುವ ಸುರಕ್ಷತೆ ಸಿಗೋದು ಅದರಿಂದಲೇ.